ಸರಣಿ ಹಂತಕನ ಮನಸ್ಸು ಮತ್ತು ನಮ್ಮ ಸಹಿ

ಬೆಳಗಿನ ವಾಯುವಿಹಾರಕ್ಕೆ ಬರುವ ನಮ್ಮ ನಿವೃತ್ತರ ಗುಂಪಿನಲ್ಲಿ ಈಚೆಗೆ ಒಂದು ಚರ್ಚೆ ನಡೆಯಿತು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದ ಗೆಳೆಯರೊಬ್ಬರು ಹಿಂದಿನ ರಾತ್ರಿ ಮಗನ ಮನೆಯಲ್ಲಿ ಸರಣಿ ಹಂತಕನೊಬ್ಬನ ಕಥೆಯುಳ್ಳ ಧಾರಾವಾಹಿಯನ್ನು ಕಂತಿನ ಮೇಲೆ ಕಂತು ನೋಡಿ, ನಿದ್ದೆಗೆಟ್ಟು ಬಂದಿದ್ದರು. ‘ಅಲ್ಲ ಸ್ವಾಮಿ, ಇಂಥವರ ತಲೆಯೊಳಗೆ ಏನಿರುತ್ತದೆ? ಒಬ್ಬರನ್ನು ಕೊಂದವನಿಗೆ ಪಶ್ಚಾತ್ತಾಪವೋ ಭಯವೋ ಆಗಬೇಕಲ್ಲ? ಮರುತಿಂಗಳು ಇನ್ನೊಬ್ಬರನ್ನು ಕೊಲ್ಲಲು ಹೇಗೆ ಹೊರಡುತ್ತಾನೆ?’ ಎಂದು ಕೇಳಿದರು. ಯಾರಲ್ಲಿಯೂ ಉತ್ತರವಿರಲಿಲ್ಲ. ಒಬ್ಬರು ಪೂರ್ವಜನ್ಮದ ಕರ್ಮವೆಂದರು, ಇನ್ನೊಬ್ಬರು ಮೆದುಳಿನ ದೋಷವೆಂದರು. ನಾನು ಸುಮ್ಮನಿದ್ದೆ. ಆ ಪ್ರಶ್ನೆಗಿಂತ ಅದರ ಪಕ್ಕದಲ್ಲಿಯೇ ಇರುವ ಇನ್ನೊಂದು ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ. ಕೊಂದವನು ಮತ್ತೆ ಮತ್ತೆ ಕೊಲ್ಲುವುದು ಹೇಗೆ ಎಂಬುದು ಮನಶ್ಶಾಸ್ತ್ರದ ಪ್ರಶ್ನೆ. ಅಷ್ಟು ಕಾಲ ಅವನು ಯಾರ ಕಣ್ಣಿಗೂ ಬೀಳದೆ ಉಳಿಯುವುದು ಹೇಗೆ ಎಂಬುದು ಆಡಳಿತದ ಪ್ರಶ್ನೆ. ಮೂರು ದಶಕಗಳಿಗೂ ಮಿಕ್ಕಿ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಎರಡನೆಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿ ಕಾಣುತ್ತಿಲ್ಲ.

ಮೊದಲನೆಯ ಪ್ರಶ್ನೆಯನ್ನೇ ಮೊದಲು ನೋಡೋಣ. ‘ಹುಚ್ಚ’ ಎಂಬ ಒಂದೇ ಪದದಿಂದ ನಾವು ಎಲ್ಲ ಸರಣಿ ಹಂತಕರನ್ನೂ ವಿವರಿಸಿ ಮುಗಿಸಲು ಬಯಸುತ್ತೇವೆ. ಹಾಗೆಂದುಕೊಂಡರೆ ನಮಗೆ ಸಮಾಧಾನ, ಏಕೆಂದರೆ ನಾವು ಹುಚ್ಚರಲ್ಲ. ವಾಸ್ತವ ಅಷ್ಟು ಸರಳವಾಗಿಲ್ಲ. 1968ರಲ್ಲಿ ಮುಂಬಯಿಯ ಉಪನಗರಗಳಲ್ಲಿ ಬೀದಿ ಬದಿಯಲ್ಲಿಯೂ ಗುಡಿಸಲುಗಳಲ್ಲಿಯೂ ಮಲಗಿದ್ದವರನ್ನು ಹೊಡೆದು ಕೊಲ್ಲುತ್ತಿದ್ದ ರಾಮನ್ ರಾಘವ್ ಎಂಬಾತ ನಿಜಕ್ಕೂ ತೀವ್ರ ಮಾನಸಿಕ ರೋಗಿಯಾಗಿದ್ದ. ನಲವತ್ತೊಂದು ಕೊಲೆಗಳನ್ನು ಮಾಡಿರುವುದಾಗಿ ಅವನೇ ಒಪ್ಪಿಕೊಂಡ. ಅವನಿಗೆ ಮರಣದಂಡನೆ ವಿಧಿಸಲಾಯಿತಾದರೂ, ಪರೀಕ್ಷಿಸಿದ ಮನೋವೈದ್ಯರು ಅವನದು ವಾಸಿಯಾಗದ ಚಿತ್ತವಿಕಲತೆ ಎಂದು ಅಭಿಪ್ರಾಯಪಟ್ಟಿದ್ದರಿಂದ ಮುಂದೆ ಅದು ಜೀವಾವಧಿಗೆ ಇಳಿಯಿತು. 1995ರಲ್ಲಿ ಅವನು ಪುಣೆಯ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಲೋಕವೇ ಬೇರೆಯಾಗಿತ್ತು. ಆದರೆ ಇಂಥವರು ಸರಣಿ ಹಂತಕರಲ್ಲಿ ಅಲ್ಪಸಂಖ್ಯಾತರು. ಬಹುಪಾಲು ಹಂತಕರು ನಮ್ಮ ಲೋಕದಲ್ಲಿಯೇ, ನಮ್ಮ ನಿಯಮಗಳನ್ನು ಚೆನ್ನಾಗಿ ಬಲ್ಲವರಾಗಿಯೇ ಬದುಕಿರುತ್ತಾರೆ.

ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ 1941ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥಕ್ಕೆ ‘ಸ್ವಸ್ಥತೆಯ ಮುಖವಾಡ’ ಎಂಬ ಅರ್ಥದ ಹೆಸರಿಟ್ಟರು. ಮಾತಿನಲ್ಲಿ ಸೌಜನ್ಯ, ನಡೆಯಲ್ಲಿ ಚುರುಕು, ಬುದ್ಧಿಯಲ್ಲಿ ಯಾವ ಕೊರತೆಯೂ ಇಲ್ಲದ, ಆದರೆ ಒಳಗೆ ಯಾವ ಭಾವನೆಯೂ ಬೇರು ಬಿಡದ ಒಂದು ಬಗೆಯ ವ್ಯಕ್ತಿತ್ವವನ್ನು ಅವರು ವಿವರಿಸಿದರು. ಇದೇ ಜಾಡಿನಲ್ಲಿ ಮುಂದುವರಿದ ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಇಪ್ಪತ್ತು ಲಕ್ಷಣಗಳ ಒಂದು ಮಾಪನವನ್ನು ರೂಪಿಸಿದರು. ನಲವತ್ತಕ್ಕೆ ಅಂಕ ಹಾಕುವ ಈ ಮಾಪನದಲ್ಲಿ ಮೂವತ್ತನ್ನು ದಾಟಿದವರನ್ನು ಸಾಮಾನ್ಯವಾಗಿ ‘ಸೈಕೋಪಾತ್’ ಎಂದು ಗುರುತಿಸುತ್ತಾರೆ. ಇದು ಹುಚ್ಚಲ್ಲ. ಹುಚ್ಚನಿಗೆ ವಾಸ್ತವದ ಅರಿವು ತಪ್ಪಿರುತ್ತದೆ. ಈತನಿಗಾದರೋ ವಾಸ್ತವದ ಅರಿವು ಪೂರ್ಣವಾಗಿ ಇರುತ್ತದೆ, ಇನ್ನೊಬ್ಬರ ನೋವು ಮಾತ್ರ ತಟ್ಟುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅನುಕಂಪದಲ್ಲಿ ಎರಡು ಅಂಶಗಳಿವೆ. ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಒಂದು. ಅದನ್ನು ತಿಳಿದು ನಮ್ಮ ಮನಸ್ಸೂ ಮರುಗುವುದು ಇನ್ನೊಂದು. ನಮ್ಮಲ್ಲಿ ಇವೆರಡೂ ಹೆಣೆದುಕೊಂಡೇ ಇರುವುದರಿಂದ ಒಂದೇ ಎಂದು ಭಾವಿಸಿದ್ದೇವೆ. ಕೆಲವರಲ್ಲಿ ಮೊದಲನೆಯದು ಹರಿತವಾಗಿದ್ದು ಎರಡನೆಯದು ಇಲ್ಲವಾಗಿರುತ್ತದೆ. ಬಲಿಯಾಗುವವರ ಆಸೆಯನ್ನೂ ಅಂಜಿಕೆಯನ್ನೂ ಒಂಟಿತನವನ್ನೂ ಅವರು ಕರಾರುವಾಕ್ಕಾಗಿ ಓದಬಲ್ಲರು. ವೈದ್ಯನು ನಾಡಿಯನ್ನು ಓದುವುದು ಗುಣಪಡಿಸುವುದಕ್ಕೆ. ಇವರು ಓದುವುದು ಬಲೆ ಬೀಸುವುದಕ್ಕೆ. ಇಂಥವರ ಬಾಲ್ಯದಲ್ಲಿ ಹಿಂಸೆ, ಅವಮಾನ, ಒಡೆದ ಸಂಸಾರಗಳಿದ್ದುದನ್ನು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಅಂಥದೇ ಬಾಲ್ಯವನ್ನು ಕಳೆದ ಲಕ್ಷಾಂತರ ಮಂದಿ ಯಾರಿಗೂ ಕೇಡು ಬಗೆಯದೆ ಬದುಕಿದ್ದಾರೆ ಎಂಬುದನ್ನೂ ಮರೆಯಬಾರದು. ಕಾರಣಗಳ ಪಟ್ಟಿ ಎಷ್ಟೇ ಉದ್ದವಾದರೂ ಕೊನೆಯ ಸಾಲು ಖಾಲಿಯೇ ಉಳಿಯುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಗ್ಯಾರಿ ಬೆಕರ್ ಅವರ ವಾದವನ್ನು ಓದಿದ್ದೆ. ಅಪರಾಧಿಯೂ ಲಾಭನಷ್ಟಗಳನ್ನು ತೂಗಿ ನೋಡುವ ವಿವೇಚನೆಯುಳ್ಳ ವ್ಯಕ್ತಿ. ಸಿಕ್ಕಿಬೀಳುವ ಸಂಭವ ಮತ್ತು ಶಿಕ್ಷೆಯ ಪ್ರಮಾಣ ಹೆಚ್ಚಿದರೆ ಅಪರಾಧ ಕಡಿಮೆಯಾಗುತ್ತದೆ ಎಂಬುದು 1968ರ ಅವರ ಪ್ರಬಂಧದ ತಿರುಳು. ಸರಣಿ ಹಂತಕನ ವಿಷಯದಲ್ಲಿ ಈ ಲೆಕ್ಕಾಚಾರ ಕೆಲಸ ಮಾಡುವುದಿಲ್ಲವೆಂದೇ ಬಹುಕಾಲ ನಂಬಿದ್ದೆ. ಕೆಲವು ಪವನು ಚಿನ್ನಕ್ಕೆ ಒಂದು ಜೀವ ಎಂಬುದು ಯಾವ ಸೀಮೆಯ ವಿವೇಚನೆ? ಆದರೆ ನಮ್ಮದೇ ರಾಜ್ಯದ ಒಂದು ಪ್ರಕರಣವನ್ನು ವಿವರವಾಗಿ ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಲೆಕ್ಕಾಚಾರ ಇತ್ತು. ಸಿಕ್ಕಿಬೀಳುವ ಸಂಭವವನ್ನು ಅವನು ಬಹಳ ನಿಖರವಾಗಿಯೇ ಅಂದಾಜು ಮಾಡಿದ್ದ. ತಪ್ಪಿದ್ದು ಅವನ ಅಂದಾಜಲ್ಲ. ಆ ಸಂಭವವನ್ನು ಅಷ್ಟು ಕೆಳಮಟ್ಟದಲ್ಲಿ ಇಟ್ಟಿದ್ದವರು ನಾವು.

ಪತ್ರಿಕೆಗಳು ‘ಸೈನೈಡ್ ಮೋಹನ್’ ಎಂದು ಕರೆದ ಮೋಹನ್ ಕುಮಾರನ ಪ್ರಕರಣ ಅದು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. 2003ರಿಂದ 2009ರ ನಡುವೆ ಇಪ್ಪತ್ತು ಮಂದಿ ಯುವತಿಯರನ್ನು ಕೊಂದ ಆರೋಪ ಅವನ ಮೇಲೆ ಬಂದಿತು. ಅವನು ಆರಿಸಿಕೊಳ್ಳುತ್ತಿದ್ದುದು ಮದುವೆಯ ವಯಸ್ಸು ಮೀರುತ್ತಿದ್ದ, ವರದಕ್ಷಿಣೆ ಕೊಡಲಾಗದ ಬಡ ಕುಟುಂಬಗಳ ಹೆಣ್ಣುಮಕ್ಕಳನ್ನು. ಸುಳ್ಳು ಹೆಸರು, ಸರ್ಕಾರಿ ನೌಕರಿಯ ಸೋಗು, ಹುಡುಗಿಯ ಜಾತಿಯೇ ತನ್ನದೂ ಎಂಬ ನಂಬಿಕೆ, ವರದಕ್ಷಿಣೆ ಬೇಡವೆಂಬ ಔದಾರ್ಯ. ಇಷ್ಟು ಸಾಕಾಗುತ್ತಿತ್ತು. ಮನೆಯವರಿಗೆ ತಿಳಿಸದೆ, ಇದ್ದ ಒಡವೆಗಳನ್ನು ತೊಟ್ಟುಕೊಂಡು ಬರಲು ಹೇಳುತ್ತಿದ್ದ. ದೂರದ ಊರಿನ ಬಸ್ ನಿಲ್ದಾಣದ ಬಳಿಯ ವಸತಿಗೃಹದಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲಿಯೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭನಿರೋಧಕವೆಂದು ನಂಬಿಸಿ ಗುಳಿಗೆ ಕೊಡುತ್ತಿದ್ದ. ಅದನ್ನು ಶೌಚಾಲಯದೊಳಗೆ ಹೋಗಿ ನುಂಗುವಂತೆ ಹೇಳುತ್ತಿದ್ದ. ಒಳಗಿನಿಂದ ಚಿಲಕ ಹಾಕಿಕೊಂಡ ಬಾಗಿಲಿನ ಹಿಂದೆ, ಸಾವಿರಾರು ಪ್ರಯಾಣಿಕರು ಓಡಾಡುವ ಜಾಗದಲ್ಲಿ, ಆ ಹೆಣ್ಣುಮಕ್ಕಳು ಸತ್ತರು. ಅವನು ಕೋಣೆಗೆ ಹಿಂದಿರುಗಿ ಒಡವೆಗಳನ್ನು ತೆಗೆದುಕೊಂಡು ಊರಿಗೆ ಮರಳುತ್ತಿದ್ದ.

ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರು: ಒಂದೊಂದು ಊರಿನಲ್ಲಿಯೂ ಬಸ್ ನಿಲ್ದಾಣದ ಶೌಚಾಲಯದಲ್ಲಿ ಅಪರಿಚಿತ ಯುವತಿಯ ಶವ. ಚೆನ್ನಾಗಿ ಉಟ್ಟ ಸೀರೆ, ಮೈಮೇಲೆ ಒಡವೆಯಿಲ್ಲ, ಒಳಗಿನಿಂದ ಹಾಕಿದ ಚಿಲಕ, ವಿಷ. ಇವಿಷ್ಟೂ ಒಂದೇ ಮೇಜಿನ ಮೇಲೆ ಒಮ್ಮೆ ಸೇರಿದ್ದರೆ ಹೊಸದಾಗಿ ಕೆಲಸಕ್ಕೆ ಸೇರಿದ ಪೇದೆಗೂ ಅನುಮಾನ ಬರುತ್ತಿತ್ತು. ಸೇರಲಿಲ್ಲ. ಶವಗಳು ಒಂದು ಜಿಲ್ಲೆಯಲ್ಲಿ ‘ಅಸ್ವಾಭಾವಿಕ ಮರಣ’ಗಳಾಗಿ ದಾಖಲಾದವು. ಕಾಣೆಯಾದ ಹೆಣ್ಣುಮಕ್ಕಳು ಇನ್ನೊಂದು ಜಿಲ್ಲೆಯಲ್ಲಿ, ದೂರು ಬಂದಿದ್ದರೆ, ‘ನಾಪತ್ತೆ’ಯಾಗಿ ದಾಖಲಾದರು. ಎರಡೂ ದಾಖಲೆಗಳು ತಮ್ಮ ತಮ್ಮ ಕಪಾಟಿನಲ್ಲಿ ಸರಿಯಾಗಿಯೇ ಇದ್ದವು. ಅವುಗಳ ನಡುವಿನ ರಸ್ತೆಯಲ್ಲಿ ಒಬ್ಬ ಮನುಷ್ಯ ಆರು ವರ್ಷ ಬಸ್ಸಿನಲ್ಲಿ ಓಡಾಡಿಕೊಂಡಿದ್ದ.

ಕೆಲವು ಮನೆಗಳು ದೂರನ್ನೇ ಕೊಡಲಿಲ್ಲ. ‘ಮಗಳು ಯಾರೊಂದಿಗೋ ಹೋದಳು’ ಎಂಬ ಮಾತು ಊರಿನ ಬಾಯಿಗೆ ಬೀಳುವುದಕ್ಕಿಂತ ‘ಎಲ್ಲೋ ಮದುವೆಯಾಗಿ ಸುಖವಾಗಿದ್ದಾಳೆ’ ಎಂದು ನಂಬುವುದು ಅವರಿಗೆ ಹಗುರವಾಗಿತ್ತು. ಅವರನ್ನು ದೂಷಿಸುವ ಮನಸ್ಸು ನನಗಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಆ ಕಾಯ್ದೆ ಬಂದು ನಾಲ್ಕು ದಶಕಗಳಾದ ಮೇಲೆಯೂ ‘ವರದಕ್ಷಿಣೆ ಬೇಡ’ ಎಂಬ ಎರಡು ಪದಗಳು ಒಂದು ಹೆಣ್ಣನ್ನು ಮನೆಯ ಹೊಸಿಲು ದಾಟಿಸುವಷ್ಟು ಶಕ್ತಿಶಾಲಿಯಾಗಿದ್ದವು ಎಂದರೆ, ಹಂತಕನ ಕೈಗೆ ಆ ಆಯುಧವನ್ನು ಕೊಟ್ಟವರು ಯಾರು? ಗುಳಿಗೆ ಅವನದು, ಹಸಿವು ನಾವು ಸೃಷ್ಟಿಸಿದ್ದು.

ಪ್ರಕರಣ ಬಯಲಾದ ಬಗೆಯೂ ಯೋಚನೆಗೆ ಹಚ್ಚುವಂಥದು. 2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಗ್ರಾಮವೊಂದರ ಯುವತಿ ಕಾಣೆಯಾದಾಗ, ಅವಳು ಅನ್ಯಧರ್ಮೀಯನೊಂದಿಗೆ ಓಡಿಹೋಗಿರಬೇಕೆಂಬ ಗುಲ್ಲು ಹಬ್ಬಿ ಪ್ರತಿಭಟನೆಗಳಾದವು. ಊರಿನ ಬಳಿ ಸಿದ್ಧವಾದ ಕಥೆಯೊಂದಿತ್ತು, ಸಿದ್ಧವಾದ ಶತ್ರುವೂ ಇದ್ದ. ಒತ್ತಡಕ್ಕೆ ಸಿಲುಕಿದ ಪೊಲೀಸರು ಅವಳ ಮೊಬೈಲ್ ಕರೆಗಳ ಪಟ್ಟಿಯನ್ನು ತೆಗೆಸಿದರು. ಒಬ್ಬ ನಾಪತ್ತೆಯಾದವಳ ಕರೆಗಳು ಇನ್ನೊಬ್ಬ ನಾಪತ್ತೆಯಾದವಳ ಸಂಖ್ಯೆಯತ್ತ ಬೊಟ್ಟು ಮಾಡಿದವು, ಅಲ್ಲಿಂದ ಮತ್ತೊಬ್ಬಳತ್ತ. ಅಕ್ಟೋಬರ್‌ನಲ್ಲಿ ಸರಪಳಿಯ ತುದಿಯಲ್ಲಿ ಸಿಕ್ಕವನು ಊರು ಊಹಿಸಿದ್ದ ಶತ್ರುವಲ್ಲ, ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಮೇಷ್ಟ್ರು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಮೂರು ಪ್ರಕರಣಗಳಲ್ಲಿ ಅವನಿಗೆ ಮರಣದಂಡನೆ ವಿಧಿಸಿತು. 2020ರ ಜೂನ್‌ನಲ್ಲಿ ಇಪ್ಪತ್ತನೆಯ ಹಾಗೂ ಕೊನೆಯ ಪ್ರಕರಣದ ತೀರ್ಪು ಹೊರಬಿದ್ದಿತು. ಮರಣದಂಡನೆಯ ಒಂದು ತೀರ್ಪನ್ನು ಉಚ್ಚ ನ್ಯಾಯಾಲಯ 2017ರಲ್ಲಿ ಸಾಯುವವರೆಗಿನ ಸೆರೆವಾಸಕ್ಕೆ ಇಳಿಸಿತು.

ಇವನು ಒಬ್ಬನೇ ಅಲ್ಲ. ಬೆಂಗಳೂರಿನ ಹೊರವಲಯದ ಕೆಂಪಮ್ಮ ಎಂಬಾಕೆ 1999ರಿಂದ 2007ರ ನಡುವೆ ದೇವಾಲಯಗಳಲ್ಲಿ ಒಂಟಿಯಾಗಿ ಕಣ್ಣೀರಿಡುತ್ತಿದ್ದ ಮಹಿಳೆಯರನ್ನು ಗುರುತಿಸಿ, ಕಷ್ಟ ಪರಿಹಾರಕ್ಕೆ ವಿಶೇಷ ಪೂಜೆ ಮಾಡಿಸುವುದಾಗಿ ಕರೆದೊಯ್ದು, ತೀರ್ಥದಲ್ಲಿ ಸೈನೈಡ್ ಬೆರೆಸಿ ಕೊಟ್ಟು ಒಡವೆ ದೋಚಿದಳು. ಆರು ಕೊಲೆಗಳ ಆರೋಪ ಅವಳ ಮೇಲಿತ್ತು. ರಾಜ್ಯದಲ್ಲಿ ಮರಣದಂಡನೆಗೆ ಗುರಿಯಾದ ಮೊದಲ ಮಹಿಳೆ ಎನಿಸಿದ ಆಕೆಯ ಶಿಕ್ಷೆಯನ್ನು ಮುಂದೆ ಜೀವಾವಧಿಗೆ ಇಳಿಸಲಾಯಿತು. ಮೇಷ್ಟ್ರು ಮದುವೆಯ ಆಸೆಯನ್ನು ಓದಿದ, ಈಕೆ ದೇವರ ಮುಂದಿನ ಕಣ್ಣೀರನ್ನು ಓದಿದಳು. ಇಬ್ಬರೂ ನಮ್ಮ ಸಮಾಜದ ಪಠ್ಯವನ್ನು ಚೆನ್ನಾಗಿ ಓದಿದ್ದವರು.

ಸರಣಿ ಹಂತಕರು ನಮ್ಮನ್ನು ಅಲುಗಿಸುವುದು ಏಕೆ ಎಂಬುದಕ್ಕೆ ಇಲ್ಲಿ ಒಂದು ಸುಳಿವಿದೆ. ಅಪರಿಚಿತರ ನಡುವಿನ ಬದುಕೆಲ್ಲವೂ ನಂಬಿಕೆಯ ಮೇಲೆ ನಿಂತಿದೆ. ವೈದ್ಯರು ಕೊಟ್ಟ ಔಷಧಿಯನ್ನು ಪರೀಕ್ಷಿಸದೆ ನುಂಗುತ್ತೇವೆ, ಶಿಕ್ಷಕರ ಬಳಿಗೆ ಮಕ್ಕಳನ್ನು ನಿಶ್ಚಿಂತೆಯಿಂದ ಕಳಿಸುತ್ತೇವೆ, ತೀರ್ಥವನ್ನು ಕಣ್ಣಿಗೊತ್ತಿಕೊಂಡು ಕುಡಿಯುತ್ತೇವೆ. ಹುದ್ದೆಯನ್ನೂ ಉಡುಪನ್ನೂ ಮಾತಿನ ನಯವನ್ನೂ ನೋಡಿ ಮನುಷ್ಯನನ್ನು ಅಳೆಯುವುದು ನಮಗೆ ಅನಿವಾರ್ಯ. ಸರಣಿ ಹಂತಕ ಕೊಲ್ಲುವುದು ಕೆಲವರನ್ನು. ಅಲುಗಿಸುವುದು ಈ ಅಳತೆಗೋಲನ್ನು. ಅವನನ್ನು ‘ರಾಕ್ಷಸ’ನೆಂದು ಕರೆಯುವ ನಮ್ಮ ಆತುರದ ಹಿಂದೆ ಇರುವುದು ಈ ಅಳತೆಗೋಲನ್ನು ಉಳಿಸಿಕೊಳ್ಳುವ ಹಂಬಲವೇ. ನಮ್ಮ ಪುರಾಣದ ರಾಕ್ಷಸರಿಗೆ ಕೋರೆಹಲ್ಲುಗಳಿದ್ದವು, ನೋಡಿದೊಡನೆ ಗುರುತು ಸಿಗುತ್ತಿತ್ತು. ಆದರೂ ರಾವಣ ಸೀತೆಯ ಬಾಗಿಲಿಗೆ ಬಂದದ್ದು ಸನ್ಯಾಸಿಯ ವೇಷದಲ್ಲಿ ಎಂಬುದನ್ನು ನಮ್ಮ ಹಿರಿಯರು ಮರೆತಿರಲಿಲ್ಲ.

ಆಡಳಿತದ ಪ್ರಶ್ನೆಗೆ ಬರೋಣ. ಈ ವಿಷಯದಲ್ಲಿ ಜಗತ್ತಿಗೆ ದೊಡ್ಡ ಪಾಠ ಕಲಿಸಿದ್ದು ಇಂಗ್ಲೆಂಡ್. ಮ್ಯಾಂಚೆಸ್ಟರ್ ಸಮೀಪದ ಹೈಡ್ ಎಂಬ ಪಟ್ಟಣದಲ್ಲಿ ಹೆರಾಲ್ಡ್ ಶಿಪ್‌ಮನ್ ಎಂಬ ಜನಪ್ರಿಯ ವೈದ್ಯನಿದ್ದ. ಕರೆದಾಗ ಮನೆಗೇ ಬಂದು ನೋಡುವ, ವೃದ್ಧರ ಜೊತೆ ಕುಳಿತು ಮಾತನಾಡುವ ಒಳ್ಳೆಯ ಡಾಕ್ಟರ್ ಎಂದು ಹೆಸರಾಗಿದ್ದ. 2000ದ ಜನವರಿಯಲ್ಲಿ ನ್ಯಾಯಾಲಯ ಹದಿನೈದು ರೋಗಿಗಳ ಕೊಲೆಗಾಗಿ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ನ್ಯಾಯಾಧೀಶೆ ಜಾನೆಟ್ ಸ್ಮಿತ್ ನೇತೃತ್ವದ ವಿಚಾರಣಾ ಆಯೋಗ 2002ರಲ್ಲಿ ನೀಡಿದ ವರದಿಯಲ್ಲಿ 215 ಮಂದಿ ಅವನಿಂದ ಹತರಾಗಿದ್ದಾರೆಂದು ಗುರುತಿಸಿತು. ಬಹುಪಾಲು ವಯಸ್ಸಾದ ಮಹಿಳೆಯರು. 2004ರ ಜನವರಿಯಲ್ಲಿ ಸೆರೆಮನೆಯಲ್ಲಿ ಅವನು ನೇಣು ಹಾಕಿಕೊಂಡ. ಏಕೆ ಕೊಂದೆನೆಂದು ಅವನು ಎಂದೂ ಹೇಳಲಿಲ್ಲ.

ಶಿಪ್‌ಮನ್ ಪ್ರಕರಣದ ಭಯಾನಕ ಭಾಗ ಅವನ ಸೂಜಿಯಷ್ಟೇ ಅಲ್ಲ, ಅವನ ಕಾಗದಪತ್ರ. ಅಲ್ಲಿ ಶವಸಂಸ್ಕಾರಕ್ಕೆ ಬೆಂಕಿಗೆ ಒಡ್ಡುವ ಮೊದಲು ಚಿಕಿತ್ಸೆ ಮಾಡಿದ ವೈದ್ಯನ ಪ್ರಮಾಣಪತ್ರವಲ್ಲದೆ, ಬೇರೊಬ್ಬ ಸ್ವತಂತ್ರ ವೈದ್ಯನ ದೃಢೀಕರಣವೂ ಬೇಕಿತ್ತು. ನಿಯಮ ನಿಷ್ಕೃಷ್ಟವಾಗಿಯೇ ಇತ್ತು. ಎರಡನೆಯ ಸಹಿ ವರ್ಷಗಟ್ಟಲೆ ತಪ್ಪದೆ ಬೀಳುತ್ತಲೇ ಹೋಯಿತು, ಏಕೆಂದರೆ ಮೊದಲನೆಯ ಸಹಿ ಒಬ್ಬ ಸಂಭಾವಿತ ವೈದ್ಯನದಾಗಿತ್ತು. ಕೊನೆಗೆ 1998ರ ಮಾರ್ಚ್‌ನಲ್ಲಿ ನೆರೆಯ ಚಿಕಿತ್ಸಾಲಯದ ವೈದ್ಯೆ ಲಿಂಡಾ ರೆನಾಲ್ಡ್ಸ್, ಈತನ ರೋಗಿಗಳ ಸಾವಿನ ಸಂಖ್ಯೆ ಅಸಹಜವಾಗಿದೆಯೆಂದು ಅಧಿಕಾರಿಗಳ ಗಮನಕ್ಕೆ ತಂದರು. ಪೊಲೀಸರು ಮೇಲುಮೇಲಿನ ತನಿಖೆ ನಡೆಸಿ ಏಪ್ರಿಲ್‌ನಲ್ಲಿ ಮುಗಿಸಿದರು. ಆ ಬಳಿಕವೂ ಅವನು ಮೂವರನ್ನು ಕೊಂದ. ಸಿಕ್ಕಿಬಿದ್ದದ್ದು, ತನ್ನ ಕೊನೆಯ ಬಲಿಯ ಹೆಸರಿನಲ್ಲಿ ಒರಟಾದ ಒಂದು ನಕಲಿ ಉಯಿಲನ್ನು ಸೃಷ್ಟಿಸಿದಾಗ. ತಾಯಿಯ ಉಯಿಲು ಸುಳ್ಳೆಂದು ಕಂಡುಹಿಡಿದ ಮಗಳು ಸ್ವತಃ ವಕೀಲೆಯಾಗಿದ್ದಳು.

ಅಂಕಿಅಂಶಗಳಲ್ಲಿ ಆಸಕ್ತಿಯುಳ್ಳ ನನಗೆ ಇನ್ನೊಂದು ವಿವರ ಮನಸ್ಸಿನಲ್ಲಿ ನಿಂತಿದೆ. ಸಾಮಾನ್ಯ ವೈದ್ಯರ ರೋಗಿಗಳು ಹಗಲು ರಾತ್ರಿಯ ಎಲ್ಲ ಗಂಟೆಗಳಲ್ಲಿಯೂ ಸಾಯುತ್ತಾರೆ. ಶಿಪ್‌ಮನ್‌ನ ರೋಗಿಗಳು ಹೆಚ್ಚಾಗಿ ಮಧ್ಯಾಹ್ನದ ಆರಂಭದ ಗಂಟೆಗಳಲ್ಲಿ, ಅವನು ಮನೆಭೇಟಿಗೆ ಹೋಗುತ್ತಿದ್ದ ಹೊತ್ತಿಗೆ ಸಾಯುತ್ತಿದ್ದರು. ನಕ್ಷೆಯನ್ನು ಬರೆದು ನೋಡಿದರೆ ಮಗುವಿಗೂ ಕಾಣುವಷ್ಟು ಸ್ಪಷ್ಟ. ಆದರೆ ಆ ನಕ್ಷೆಯನ್ನು ಯಾರೂ ಬರೆದಿರಲಿಲ್ಲ, ಅದು ಯಾರ ಕೆಲಸವೂ ಆಗಿರಲಿಲ್ಲ. ಅದನ್ನು ಕೆಲಸವನ್ನಾಗಿ ಮಾಡಲು ಆ ಸಮರ್ಥ ದೇಶಕ್ಕೂ ದಶಕಗಳೇ ಬೇಕಾದವು. ಪ್ರತಿಯೊಂದು ಸಾವನ್ನೂ ಸ್ವತಂತ್ರ ವೈದ್ಯಾಧಿಕಾರಿ ಪರಿಶೀಲಿಸುವ ವ್ಯವಸ್ಥೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶಾಸನಬದ್ಧವಾದದ್ದು 2024ರ ಸೆಪ್ಟೆಂಬರ್‌ನಲ್ಲಿ.

ನನ್ನ ವಿಷಯವನ್ನೂ ಹೇಳದೆ ಈ ಲೇಖನ ಪ್ರಾಮಾಣಿಕವಾಗದು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಹಳೆಯ ಮೈಸೂರು ಭಾಗದ ತಾಲ್ಲೂಕೊಂದರಲ್ಲಿ ತಹಶೀಲ್ದಾರನಾಗಿದ್ದೆ. ತಹಶೀಲ್ದಾರನೆಂದರೆ ಕಂದಾಯ, ಪಹಣಿ, ಪಡಿತರ, ಚುನಾವಣೆ ಎಂದು ಜನರಿಗೆ ಗೊತ್ತು. ಅವನು ತಾಲ್ಲೂಕು ದಂಡಾಧಿಕಾರಿಯೂ ಹೌದು ಎಂಬುದು ಅನೇಕರಿಗೆ ತಿಳಿಯದು. ಅಸ್ವಾಭಾವಿಕ ಮರಣಗಳ ವರದಿ, ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನ ಪ್ರಕಾರ, ಪೊಲೀಸ್ ಠಾಣೆಯಿಂದ ದಂಡಾಧಿಕಾರಿಯ ಬಳಿಗೆ ಬರುತ್ತದೆ. 2024ರ ಜುಲೈನಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 194ನೇ ಕಲಮು. ಕಚೇರಿಯ ಭಾಷೆಯಲ್ಲಿ ಇವು ಯು.ಡಿ.ಆರ್. ಕಡತಗಳು. ಬಾವಿಗೆ ಬಿದ್ದವರು, ಹಾವು ಕಚ್ಚಿದವರು, ನೇಣು ಹಾಕಿಕೊಂಡವರು, ಕೀಟನಾಶಕ ಕುಡಿದವರು. ಶವಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಮೇಲೊಂದು ಮುಚ್ಚಳಿಕೆ ಪತ್ರ. ಸಂಜೆಯ ಹೊತ್ತಿಗೆ ಶಿರಸ್ತೇದಾರರು ಇಂಥ ಹತ್ತಾರು ಕಡತಗಳನ್ನು ಪೇರಿಸಿ ತರುತ್ತಿದ್ದರು. ‘ಇದರಲ್ಲೇನೂ ಇಲ್ಲ ಸಾರ್, ಬರೀ ಯು.ಡಿ.ಆರ್.’ ಎನ್ನುತ್ತಿದ್ದರು. ನಾನು ಸಹಿ ಹಾಕುತ್ತಿದ್ದೆ.

ಅಂಥ ಒಂದು ಕಡತ ನನಗೆ ಇನ್ನೂ ನೆನಪಿದೆ. ‘ಅಪರಿಚಿತ ಹೆಂಗಸು, ಪ್ರಾಯ ಸುಮಾರು 25, ಗೋಧಿ ಮೈಬಣ್ಣ, ಹಸಿರು ಸೀರೆ, ವಾರಸುದಾರರು ಪತ್ತೆಯಾಗಿರುವುದಿಲ್ಲ’ ಎಂದಿತ್ತು. ಛತ್ರದ ಜಗಲಿಯಲ್ಲಿ ಸಿಕ್ಕ ಶವ. ವಿಷಪ್ರಾಶನದಿಂದ ಸಾವು. ಪಕ್ಕದ ಜಿಲ್ಲೆಗಳ ಠಾಣೆಗಳಲ್ಲಿ ನಾಪತ್ತೆ ದೂರುಗಳಿವೆಯೇ ಎಂದು ವಿಚಾರಿಸಿದ ಒಂದು ಕಾಗದವೂ ಅದರಲ್ಲಿರಲಿಲ್ಲ. ಅದನ್ನು ನಾನು ಗಮನಿಸಿದೆ. ಗಮನಿಸಿದ್ದರಿಂದಲೇ ಇಂದಿಗೂ ನೆನಪಿದೆ. ಆದರೆ ಮರುದಿನ ಬೆಳಿಗ್ಗೆ ಮಂತ್ರಿಗಳ ಪ್ರವಾಸವಿತ್ತು, ಸಭೆಯ ಟಿಪ್ಪಣಿ ಸಿದ್ಧವಾಗಬೇಕಿತ್ತು. ‘ವರದಿ ಅಂಗೀಕರಿಸಿದೆ, ಕಡತ ಮುಕ್ತಾಯ’ ಎಂಬ ಷರಾದ ಕೆಳಗೆ ಸಹಿ ಮಾಡಿದೆ. ಆಕೆಯನ್ನು ಯಾರಾದರೂ ಕೊಂದಿದ್ದರೆಂದು ನಾನು ಹೇಳುತ್ತಿಲ್ಲ. ಬದುಕು ಸಾಕಾಗಿ ತಾನೇ ವಿಷ ಕುಡಿದಿರಬಹುದು. ನಾನು ಹೇಳುತ್ತಿರುವುದು ಇಷ್ಟೇ: ಅದನ್ನು ತಿಳಿಯುವ ಅವಕಾಶ ನನ್ನ ಮೇಜಿನ ಮೇಲೆ ಒಂದು ಸಂಜೆ ಇತ್ತು, ನಾನು ಅದನ್ನು ಮುಕ್ತಾಯಗೊಳಿಸಿದೆ. 2009ರ ಆ ಸುದ್ದಿಯನ್ನು ಓದಿದ ದಿನ, ಬಸ್ ನಿಲ್ದಾಣದ ಶವಗಳ ಕಡತಗಳಿಗೆ ಸಹಿ ಹಾಕಿದ ನನ್ನಂಥ ಅಧಿಕಾರಿಗಳ ಮುಖಗಳನ್ನು ನಾನು ಊಹಿಸಿಕೊಂಡೆ. ಅವರಲ್ಲಿ ಯಾರೂ ಕೆಟ್ಟವರಾಗಿರಲಿಕ್ಕಿಲ್ಲ. ಎಲ್ಲರೂ ತಮ್ಮ ಕೆಲಸವನ್ನು ಮಾಡಿದವರೇ.

ಅಪರಾಧಶಾಸ್ತ್ರಜ್ಞ ಸ್ಟೀವನ್ ಎಗರ್ ಇಂಥ ಬಲಿಗಳಿಗೆ ‘ಕಡಿಮೆ ಸತ್ತವರು’ ಎಂಬ ಅರ್ಥದ ಪದವನ್ನು ಬಳಸಿದ್ದಾರೆ. ಬದುಕಿದ್ದಾಗಲೇ ಸಮಾಜದ ಲೆಕ್ಕಕ್ಕೆ ಕಡಿಮೆ ಬಿದ್ದವರು ಸತ್ತಾಗಲೂ ಕಡಿಮೆಯೇ ಸಾಯುತ್ತಾರೆ. ಬೀದಿ ಬದಿಯಲ್ಲಿ ಮಲಗುವವರು, ಲೈಂಗಿಕ ಕಾರ್ಯಕರ್ತೆಯರು, ವಲಸೆ ಕಾರ್ಮಿಕರ ಮಕ್ಕಳು, ಮದುವೆಯಾಗದ ಬಡ ಹೆಣ್ಣುಮಕ್ಕಳು, ಒಂಟಿ ವೃದ್ಧರು. ಸರಣಿ ಹಂತಕರು ಬಹುತೇಕ ಇವರನ್ನೇ ಆರಿಸುತ್ತಾರೆ. ಅಮೆರಿಕದ ಗ್ಯಾರಿ ರಿಡ್ಜ್‌ವೇ 2003ರಲ್ಲಿ 48 ಕೊಲೆಗಳನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಬೀದಿಯ ಹೆಣ್ಣುಮಕ್ಕಳು ಕಾಣೆಯಾದರೆ ಯಾರೂ ಬೇಗ ಹುಡುಕುವುದಿಲ್ಲವೆಂದೇ ಅವರನ್ನು ಆರಿಸಿಕೊಂಡದ್ದಾಗಿ ಅವನು ತಿಳಿಸಿದ. ಯಾರ ಜೀವಕ್ಕೆ ಸಮಾಜ ಎಷ್ಟು ಬೆಲೆ ಕಟ್ಟಿದೆ ಎಂಬುದನ್ನು ಸರಣಿ ಹಂತಕನಷ್ಟು ಸರಿಯಾಗಿ ತಿಳಿದ ಅರ್ಥಶಾಸ್ತ್ರಜ್ಞ ಬೇರೊಬ್ಬನಿಲ್ಲ.

ದೆಹಲಿಯ ಅಂಚಿನ ನಿಠಾರಿಯ ಕಥೆಯೂ ಇದನ್ನೇ ಹೇಳುತ್ತದೆ, ಜೊತೆಗೆ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. 2006ರ ಡಿಸೆಂಬರ್‌ನಲ್ಲಿ ನೊಯಿಡಾದ ಮನೆಯೊಂದರ ಹಿಂದಿನ ಚರಂಡಿಯಲ್ಲಿ ಮಕ್ಕಳ ಅಸ್ಥಿಗಳು ಸಿಕ್ಕಾಗ ದೇಶ ಬೆಚ್ಚಿಬಿದ್ದಿತು. ಆ ಮಕ್ಕಳ ಬಡ ತಂದೆತಾಯಿಗಳು ಅದಕ್ಕೂ ಮೊದಲೇ ಠಾಣೆಗೆ ಅಲೆದಿದ್ದರು, ಕಿವಿಗೊಟ್ಟವರಿರಲಿಲ್ಲ. ಆಮೇಲೆ ನಾವು ರಾಕ್ಷಸನನ್ನು ಕಂಡುಕೊಳ್ಳುವ ಆತುರಕ್ಕೆ ಬಿದ್ದೆವು. ಮನೆಯೊಡೆಯ ಮತ್ತು ಮನೆಗೆಲಸದವ ಇಬ್ಬರಿಗೂ ಮರಣದಂಡನೆಯಾಯಿತು. 2023ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯ ತನಿಖೆಯ ಲೋಪಗಳನ್ನು ಕಟುವಾಗಿ ಟೀಕಿಸಿ ಅವರನ್ನು ಖುಲಾಸೆಗೊಳಿಸಿತು. ಉಳಿದಿದ್ದ ಕೊನೆಯ ಪ್ರಕರಣದಲ್ಲಿಯೂ 2025ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು. ಮಕ್ಕಳು ಸತ್ತಿರುವುದು ಸತ್ಯ. ಕೊಂದವರು ಯಾರೆಂದು ಕಾನೂನಿನ ಕಣ್ಣಿಗೆ ಇಂದು ಯಾರೂ ಇಲ್ಲ. ಮೊದಲು ಉದಾಸೀನ, ಆಮೇಲೆ ಉನ್ಮಾದ. ಇವೆರಡರ ನಡುವೆ ತಾಳ್ಮೆಯ ತನಿಖೆಗೆ ಜಾಗವೇ ಸಿಗಲಿಲ್ಲ.

ಈ ಉನ್ಮಾದಕ್ಕೆ ಈಗ ಮನರಂಜನೆಯೂ ಸೇರಿಕೊಂಡಿದೆ. 1888ರಲ್ಲಿ ಲಂಡನ್ನಿನಲ್ಲಿ ಐವರು ಮಹಿಳೆಯರನ್ನು ಕೊಂದವನ ಅಡ್ಡಹೆಸರು ಜಗತ್ತಿಗೆಲ್ಲ ಗೊತ್ತು. ಆ ಐವರ ಹೆಸರುಗಳನ್ನು ಬಲ್ಲವರು ಎಷ್ಟು ಮಂದಿ? ಇತಿಹಾಸಕಾರ್ತಿ ಹ್ಯಾಲಿ ರೂಬೆನ್‌ಹೋಲ್ಡ್ 2019ರಲ್ಲಿ ಆ ಐವರ ಬದುಕಿನ ಬಗ್ಗೆಯೇ ಪುಸ್ತಕ ಬರೆದು, ಅವರೆಲ್ಲರೂ ವೇಶ್ಯೆಯರೆಂಬ ನೂರಮೂವತ್ತು ವರ್ಷಗಳ ನಂಬಿಕೆಯನ್ನೇ ಪ್ರಶ್ನಿಸಿದರು. ನಾವೂ ಭಿನ್ನರಲ್ಲ. ‘ಸೈನೈಡ್’ ಎಂಬುದು ನಮ್ಮಲ್ಲಿ ಒಬ್ಬ ಮೇಷ್ಟ್ರಿಗೆ ಬಿರುದಾಗಿದೆ. ಇಪ್ಪತ್ತು ಹೆಣ್ಣುಮಕ್ಕಳು ಒಂದು ಸಂಖ್ಯೆಯಾಗಿ ಉಳಿದಿದ್ದಾರೆ. ಅವರಲ್ಲಿ ಬೀಡಿ ಕಟ್ಟುತ್ತಿದ್ದವರೂ ಕೂಲಿ ಮಾಡುತ್ತಿದ್ದವರೂ ಇದ್ದರು ಎಂಬುದು ಎಷ್ಟು ಓದುಗರಿಗೆ ನೆನಪಿದೆ?

ಹಾಗಾದರೆ ಮಾಡಬೇಕಾದದ್ದೇನು? ಹಂತಕನ ಮನಸ್ಸನ್ನು ಮುಂಚಿತವಾಗಿ ಗುರುತಿಸುವ ಯಂತ್ರ ಯಾರ ಬಳಿಯೂ ಇಲ್ಲ, ಬಂದರೆ ಅದು ನಿರಪರಾಧಿಗಳನ್ನೇ ಹೆಚ್ಚು ಹಿಡಿದೀತು. ಆದರೆ ಅವನು ಎರಡನೆಯ ಕೊಲೆಗೆ ತಲುಪುವ ದಾರಿಯನ್ನು ಕಿರಿದು ಮಾಡಲು ಸಾಧ್ಯ. ಕಾಣೆಯಾದ ಮಕ್ಕಳ ಪ್ರತಿಯೊಂದು ದೂರನ್ನೂ ಅಪರಾಧವೆಂದು ಭಾವಿಸಿಯೇ ಪ್ರಥಮ ವರ್ತಮಾನ ವರದಿ ದಾಖಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಆದೇಶಿಸಿತು. ವಯಸ್ಕ ಮಹಿಳೆಯ ವಿಷಯದಲ್ಲಿ ಅಂಥ ಭಾವನೆ ಇಲ್ಲ. ‘ಓಡಿಹೋಗಿರಬೇಕು’ ಎಂಬುದೇ ಅಲ್ಲಿನ ಮೊದಲ ತೀರ್ಪು. ವಯಸ್ಕಳಿಗೆ ತನ್ನಿಚ್ಛೆಯಂತೆ ಹೋಗುವ ಸ್ವಾತಂತ್ರ್ಯವಿದೆ, ಇರಬೇಕು. ಆದರೆ ಅವಳು ಜೀವಂತವಾಗಿದ್ದಾಳೆಯೇ ಎಂದು ಖಚಿತಪಡಿಸಿಕೊಳ್ಳುವುದು ಆ ಸ್ವಾತಂತ್ರ್ಯಕ್ಕೆ ವಿರೋಧವಲ್ಲ. ಪೊಲೀಸ್ ಠಾಣೆಗಳನ್ನು ಗಣಕದ ಮೂಲಕ ಬೆಸೆಯುವ ಯೋಜನೆಗೆ ಕೇಂದ್ರ ಸರ್ಕಾರ 2009ರಲ್ಲಿಯೇ ಒಪ್ಪಿಗೆ ನೀಡಿದೆ. ಗುರುತು ಸಿಗದ ಶವಗಳನ್ನೂ ನಾಪತ್ತೆಯಾದವರನ್ನೂ ವಂಶವಾಹಿಯ ಮೂಲಕ ಹೋಲಿಸಲು ಅನುವು ಮಾಡುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂದು 2023ರಲ್ಲಿ ಹಿಂದೆ ಸರಿಯಿತು. ಖಾಸಗಿತನದ ಆತಂಕಗಳು ನಿಜವೇ. ಆದರೆ ಆ ಆತಂಕಗಳನ್ನು ನಿವಾರಿಸಿದ ಕಾನೂನನ್ನು ತರುವುದು ಅಸಾಧ್ಯವೇನಲ್ಲ.

ಯಂತ್ರಗಳು ಬಂದರೂ ಕಡತವನ್ನು ತೆರೆದು ಓದುವ ಕಣ್ಣು ಬೇಕೇಬೇಕು. ಪಕ್ಕದ ಜಿಲ್ಲೆಗಳ ನಾಪತ್ತೆ ಪಟ್ಟಿಯೊಂದಿಗೆ ಹೋಲಿಸಿ ನೋಡಿದ ದಾಖಲೆ ಇಲ್ಲದ ಹೊರತು ಅಪರಿಚಿತ ಶವದ ಯಾವ ಕಡತವನ್ನೂ ಮುಕ್ತಾಯಗೊಳಿಸಬಾರದು ಎಂಬ ಒಂದು ಸಾಲಿನ ಸುತ್ತೋಲೆಗೆ ಹೊಸ ಕಾಯ್ದೆಯೂ ಬೇಡ, ಹೆಚ್ಚಿನ ಅನುದಾನವೂ ಬೇಡ.

ನಿವೃತ್ತನಾದ ಬಳಿಕ ತರಬೇತಿ ಸಂಸ್ಥೆಯೊಂದರಲ್ಲಿ ಹೊಸ ಅಧಿಕಾರಿಗಳಿಗೆ ಒಂದೆರಡು ಬಾರಿ ಪಾಠ ಹೇಳುವ ಅವಕಾಶ ಸಿಕ್ಕಿತ್ತು. ಈ ಹಸಿರು ಸೀರೆಯ ಕಡತದ ವಿಷಯವನ್ನು ಅಲ್ಲಿಯೂ ಹೇಳಿದೆ. ತರಗತಿ ಮುಗಿದ ಮೇಲೆ ಯುವ ಅಧಿಕಾರಿಯೊಬ್ಬಳು ಬಳಿಗೆ ಬಂದು, ‘ಸರ್, ದಿನಕ್ಕೆ ನೂರು ಕಡತ ಬಂದರೆ ಯಾವುದನ್ನು ನಿಲ್ಲಿಸಿ ಓದಬೇಕು ಎಂದು ಹೇಗೆ ಗೊತ್ತಾಗುತ್ತದೆ?’ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ‘ಯಾವ ಕಡತದ ಬಗ್ಗೆ ವಿಚಾರಿಸಲು ಯಾರೂ ನಿಮ್ಮ ಕಚೇರಿಗೆ ಬರುವುದಿಲ್ಲವೋ, ಅದನ್ನು ಮೊದಲು ಓದಮ್ಮ’ ಎಂದೆ. ಆಕೆ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ನನಗೆ ಆ ಮಾತು ಹೊಳೆಯಲು ಮೂವತ್ತು ವರ್ಷ ಬೇಕಾಗಿತ್ತು.